ಗಾಜಿನೊಳಗಿನ ಮಂಜು

ಒರೆಸಿದ ಗುರುತು ಗಾಜಿನ ಒಳಗಡೆ ಇತ್ತು.

ಶಿಲ್ಪ ವೇಲಿನ ತುದಿಯಿಂದ ಹೊರಗೆ ಎರಡು ಸಲ ಉಜ್ಜಿ ನೋಡಿದಳು. ಹೋಗಲಿಲ್ಲ. ರಾತ್ರಿ ತಾನೇ ಬೀಗ ಹಾಕಿದ ಕಾರು. ಬೆಳಿಗ್ಗೆ ನೋಡಿದರೆ ಎಲ್ಲ ಗಾಜೂ ಒಳಗಿನಿಂದ ಬೆವರಿತ್ತು. ಹಿಂದಿನ ಬಾಗಿಲಲ್ಲಿ ಮಾತ್ರ ಯಾರೋ ಕೈಯಿಂದ ಒರೆಸಿ ಹೊರಗೆ ಇಣುಕಿದ ಹಾಗಿತ್ತು.

ಚಳಿಗಾಲದಲ್ಲಿ ದಂಡಿನಶಿವರದ ಸುತ್ತ ಮಂಜು ಬೀಳುವುದು ಹೊಸದಲ್ಲ. ಆದರೆ ಮಂಜು ಹೊರಗೆ ಬೀಳಬೇಕು, ಅದಕ್ಕೂ ಒಂದು ಮರ್ಯಾದೆ ಇದೆ. ಈ ಕಾರಿನದು ಹದಿನೈದು ದಿನದಿಂದ ಇದೇ ಗೋಳು. ಕಳೆದ ವಾರ ಮಗಳು ಗಾನವಿಯನ್ನು ಶಾಲೆಗೆ ಬಿಡಲು ಹೋಗುವಾಗ ಮುಂದಿನ ದಾರಿ ಕಾಣದೆ, ಡೇರಿಗೆ ಹಾಲು ತರುತ್ತಿದ್ದವರ ಮೇಲೇ ಇನ್ನೇನು ಹತ್ತಿಸಿಬಿಡುವುದರಲ್ಲಿದ್ದಳು.

ತುರುವೇಕೆರೆ ರಸ್ತೆಯ ಗ್ಯಾರೇಜಿನ ತಿಲಕ್ ಮಾಡದ ಪ್ರಯತ್ನವಿಲ್ಲ. ಮ್ಯಾಟ್ ಕಿತ್ತು ಬಿಸಿಲಿಗೆ ಹಾಕಿದ. ಎ.ಸಿ. ನೀರು ಹೋಗುವ ಪೈಪಿನ ಮಣ್ಣು ತೆಗೆದ. ಬಾಗಿಲುಗಳ ರಬ್ಬರ್ ಬದಲಾಯಿಸಿದ. ಕಾರಿನ ನೆತ್ತಿಯ ಮೇಲೆ ಬಕೆಟ್ಟುಗಟ್ಟಲೆ ನೀರು ಸುರಿದು ಒಳಗೆ ಕುಳಿತು ನೋಡಿದ. ಕೊನೆಗೆ ಎರಡು ರಾತ್ರಿ ಕಾರನ್ನು ಗ್ಯಾರೇಜಿನಲ್ಲೇ ಉಳಿಸಿಕೊಂಡ. ಆ ಎರಡು ದಿನ ಶಿಲ್ಪಳ ಗಂಡ ರವೀಂದ್ರ, ಮಗಳನ್ನು ಕರೆದುಕೊಂಡು ಹುಳಿಯಾರಿನ ಅಕ್ಕನ ಮನೆಗೆ ಹೋಗಿದ್ದ.

"ಇಲ್ಲಿ ಒಂದು ಹನೀನೂ ಇಲ್ಲ ಕಣಕ್ಕ," ಎಂದ ತಿಲಕ್. "ನಿಮ್ಮನೆ ಹತ್ರ ನಿಂತ್ರೆ ಮಾತ್ರ ಬತ್ತೈತೆ. ಇದು ನೀರು ಸೋರಿದ್ದಲ್ಲ, ಉಸಿರು. ಗಾಜು ಏರಿಸ್ಕಂಡು ಯಾರೋ ಒಳಗೆ ಮಲಗ್ತಾವ್ರೆ. ಇಷ್ಟು ತೇವ ಒಬ್ರದ್ದಲ್ಲ."

ಶಿಲ್ಪ ಕಾರಿನೊಳಗೆ ಬಗ್ಗಿ ಹಿಂದಿನ ಸೀಟನ್ನು ಮುಟ್ಟಿ ನೋಡಿದಳು. ಅವರದು ತೋಟದ ನಡುವಿನ ಒಂಟಿ ಮನೆ. ಕಾರಿನ ಎರಡನೆಯ ಕೀ ಎಲ್ಲೋ ಬಿತ್ತು ಎಂದು ರವೀಂದ್ರ ಹೇಳಿ ಎರಡು ವಾರವಾಗಿತ್ತು. ಆಮೇಲೆ ಬೆಳಿಗ್ಗೆ ಎದ್ದರೆ ಮನೆಯ ಬಾಗಿಲ ಚಿಲಕ ತೆಗೆದಿರುತ್ತಿತ್ತು. ಸಂಜೆ ಅಟ್ಟದ ಮೆಟ್ಟಿಲ ಮೇಲಿಟ್ಟ ಮಚ್ಚು ಒಮ್ಮೆ ಕಾರಿನ ಬಾನೆಟ್ಟಿನ ಮೇಲೆ ಸಿಕ್ಕಿತ್ತು. ಯಾರೋ ಮನೆಗೆ ಹೊಂಚು ಹಾಕಿದ್ದಾರೆ, ಅನುಮಾನವೇ ಇಲ್ಲ.

ಅವಳ ಭಯ ತನ್ನ ಬಗ್ಗೆ ಅಲ್ಲ, ಮಗಳ ಬಗ್ಗೆ. ಗಾನವಿಗೆ ಐದು ವರ್ಷ. ಹದಿನೈದು ದಿನದ ಹಿಂದೆ ಅವಳ ಹಣೆ ಊದಿಕೊಂಡಿತ್ತು. ಮಂಚದಿಂದ ಬಿದ್ದಳು ಎಂದಿದ್ದ ರವೀಂದ್ರ. ಅಂದಿನಿಂದ ಅಪ್ಪ ಮಗಳು ಹಜಾರದಲ್ಲಿ ಮಲಗುತ್ತಿದ್ದರು, ಶಿಲ್ಪ ಒಳಕೋಣೆಯಲ್ಲಿ.

ಸಂಜೆ ಅವಳು ಅಂಗಳದಲ್ಲಿ ತೆಂಗಿನಕಾಯಿಗಳ ರಾಶಿಯ ಮುಂದೆ ಕುಳಿತೇ ಗಂಡನಿಗೆ ವಿಷಯ ಹೇಳಿದಳು. ಒಂದು ತಿಂಗಳಿಂದ ಇದೇ ಕೆಲಸ. ಅಟ್ಟದಲ್ಲಿ ವರ್ಷ ಒಣಗಿದ ಕಾಯಿಯನ್ನು ಎಡಗೈಯಲ್ಲಿ ತಿರುಗಿಸುತ್ತಾ, ಮಚ್ಚಿನ ಬೆನ್ನಿನಿಂದ ಸುತ್ತಲೂ ತಟ್ಟಿ, ಕರಟ ಬಿರಿಸಿ, ಒಳಗಿನ ಕೊಬ್ಬರಿ ಗಿಟುಕನ್ನು ಇಡಿಯಾಗಿ ತೆಗೆಯಬೇಕು. ಶಿಲ್ಪ ಕಣ್ಣು ಮುಚ್ಚಿಕೊಂಡೂ ತೆಗೆಯುತ್ತಾಳೆ ಎಂದು ಊರಲ್ಲಿ ಹೆಸರಿತ್ತು.

"ರೀ, ಯಾರೋ ರಾತ್ರಿ ನಮ್ ಕಾರಲ್ಲಿ ಮಲಗ್ತಾವ್ರೆ. ಮಗೀಗೆ ಏನಾದ್ರೂ ಮಾಡುದ್ರೆ?"

ರವೀಂದ್ರನ ಕಣ್ಣುಗಳು ನಿದ್ದೆಗೆಟ್ಟು ಕೆಂಪಾಗಿದ್ದವು. ಅವನು ಅವಳ ಮುಖ ನೋಡಲಿಲ್ಲ.

"ಮಗೀಗೆ ಏನೂ ಆಗಕ್ಕೆ ನಾನು ಬುಡಲ್ಲ. ನೀನು ಮೊದ್ಲು ಈ ಕೆಲಸ ನಿಲ್ಸು. ತುಮಕೂರಿಗೆ ಹೋಗಿ ಡಾಕ್ಟ್ರಿಗೆ ತೋರ್ಸಣ ಅಂತ ಎಷ್ಟು ಸಲ ಹೇಳ್ಲಿ ಕಣೇ?"

"ಅಟ್ಟ ಖಾಲಿ ಆಗ್ಲಿ ಬುಡಿ. ನಂಗೇನಾಗೈತೆ? ಹಾಸಿಗೆಗೆ ಬಿದ್ರೆ ಕಲ್ಲು ಬಿದ್ದಂಗೆ ನಿದ್ದೆ. ಕನಸಲ್ಲೂ ಕಾಯಿ ಒಡೀತಿರ್ತೀನಿ," ಎಂದು ನಕ್ಕಳು.

ಅವನು ನಗಲಿಲ್ಲ. ಗಂಡನನ್ನು ನಂಬಿ ಕೂತರೆ ಆಗುವುದಿಲ್ಲ ಎಂದು ಅವಳಿಗೆ ಖಾತ್ರಿಯಾಯಿತು. ಮಲಗುವ ಮುಂಚೆ ಹಳೆಯ ಫೋನನ್ನು ಪವರ್ ಬ್ಯಾಂಕಿಗೆ ಸಿಕ್ಕಿಸಿ, ವಿಡಿಯೊ ಶುರು ಮಾಡಿ, ಡ್ಯಾಶ್‌ಬೋರ್ಡಿನ ಗಣಪತಿಯ ಹಿಂದೆ ಅಡಗಿಸಿಟ್ಟಳು.

ಮರುದಿನ ಮಗಳನ್ನು ಶಾಲೆಗೆ ಬಿಟ್ಟವಳೇ ಗ್ಯಾರೇಜಿಗೆ ಬಂದಳು. ಒಬ್ಬಳೇ ನೋಡುವ ಧೈರ್ಯವಿರಲಿಲ್ಲ.

"ನೀನೇ ಹಾಕಪ್ಪ ತಿಲಕ್. ನನ್ ಕೈಲಾಗಲ್ಲ."

ತಿಲಕ್ ವಿಡಿಯೊ ಮುಂದಕ್ಕೆ ಎಳೆದ. ಅಂಗಳದ ಬಲ್ಬಿನ ಬೆಳಕಲ್ಲಿ ಕಾರಿನ ಬಾಗಿಲು ತೆರೆಯಿತು. ಬಂದವನು ರವೀಂದ್ರ. ಹೆಗಲ ಮೇಲೆ ಕಂಬಳಿ ಸುತ್ತಿದ ಗಾನವಿ. ಹಿಂದಿನ ಸೀಟಿನಲ್ಲಿ ಮಗುವನ್ನು ಮಲಗಿಸಿ, ಒಳಗಿನಿಂದ ಎಲ್ಲ ಬಾಗಿಲೂ ಲಾಕ್ ಮಾಡಿ, ಪಕ್ಕದಲ್ಲಿ ಮುದುಡಿಕೊಂಡ.

ಶಿಲ್ಪಳಿಗೆ ಹೋದ ಜೀವ ಬಂದಂತಾಯಿತು. ಮರುಕ್ಷಣವೇ ಸಿಟ್ಟು. ಮನೆ ಇದ್ದೂ ಈ ಚಳಿಯಲ್ಲಿ ಮಗುವನ್ನು ಕಾರಿನಲ್ಲಿ ಮಲಗಿಸುವುದು ಯಾವ ಬುದ್ಧಿ?

ತಿಲಕ್ ಇನ್ನಷ್ಟು ಮುಂದಕ್ಕೆ ಎಳೆದ. ಗಾಜುಗಳು ಮೆಲ್ಲಗೆ ಬೆಳ್ಳಗಾದವು. ಆಗ ಹೊರಗೊಂದು ನೆರಳು ಬಂತು. ಬಾಗಿಲ ಹಿಡಿ ಎಳೆದ ಸದ್ದು. ಇನ್ನೊಂದು ಬಾಗಿಲು. ಮತ್ತೊಂದು. ರವೀಂದ್ರ ಮಗುವಿನ ತಲೆಯನ್ನು ಎದೆಗೆ ಅವುಚಿಕೊಂಡ. ಆಮೇಲೆ ಗಾಜಿನ ಮೇಲೆ ಕಬ್ಬಿಣ ತಟ್ಟುವ ಸದ್ದು ಶುರುವಾಯಿತು. ಜೋರಾಗಿ ಅಲ್ಲ, ನಿಧಾನಕ್ಕೆ. ಒಂದು ಕಡೆ ತಟ್ಟಿ, ಚೂರು ಪಕ್ಕಕ್ಕೆ ಸರಿದು, ಮತ್ತೆ ತಟ್ಟಿ.

ಹಾಗಾದರೆ ರವೀಂದ್ರ ಬಚ್ಚಿಟ್ಟುಕೊಂಡದ್ದು ಇದಕ್ಕೆ ಅಂದುಕೊಂಡಳು ಶಿಲ್ಪ. ತಾನು ಒಳಗೆ ಮೈಮರೆತು ಮಲಗಿರುವಾಗ ದಿನಾ ಯಾರೋ ಮಚ್ಚು ಹಿಡಿದು ಮಗುವನ್ನು ಹುಡುಕಿಕೊಂಡು ಬರುತ್ತಿದ್ದಾರೆ. ಯಾರು? ಅವಳು ಫೋನಿಗೆ ಮುಖ ಹತ್ತಿರ ತಂದಳು.

ವಿಡಿಯೊದಲ್ಲಿ ಗಾನವಿ ಎದ್ದು ಕುಳಿತಳು. ಪುಟ್ಟ ಕೈಯಿಂದ ಗಾಜು ಒರೆಸಿ, ಹೊರಗೆ ಕಣ್ಣು ಮುಚ್ಚಿಕೊಂಡೇ ತಟ್ಟುತ್ತಿದ್ದ ಮುಖವನ್ನು ನೋಡಿದಳು. ಆಮೇಲೆ ಅಪ್ಪನ ಕಿವಿಯಲ್ಲಿ ಪಿಸುಗುಟ್ಟಿದಳು:

"ಅಪ್ಪ, ಅಮ್ಮಂಗೆ ಇವತ್ತೂ ಎಚ್ಚರ ಆಗಿಲ್ವಾ?"