ಕೆಂಪು ಸಂಜೆಯ ಫೋಟೊ

ಭೂಮಿಯ ಕಾಂತಧ್ರುವ ಸರಿದು ಮೂವತ್ತು ವರ್ಷವಾಗಿತ್ತು. ಸಿಂದಗಿಯ ಆಕಾಶದಲ್ಲೂ ದಿನಾ ಸಂಜೆ ಧ್ರುವಪ್ರಭೆಯ ಬಣ್ಣದ ಬೆಳಕು ಹರಡುತ್ತಿತ್ತು. ವರನ ಮನೆಗೆ ಕಳಿಸುವ ಹೆಣ್ಣಿನ ಫೋಟೊವನ್ನು ಅದರ ಕೆಳಗೇ ತೆಗೆಸುವುದು ರೂಢಿ. ಹಸಿರು ಶುಭ, ಕೆಂಪು ಅಶುಭ ಎಂದು ಜನ ನಂಬಿದ್ದರು.

ಅಂದು ನೀಲವ್ವ ಸ್ಟುಡಿಯೊದ ಮಾಳಿಗೆಯ ಮೇಲೆ ನಿಂತಾಗ ಆಕಾಶವೆಲ್ಲ ಕೆಂಪಾಯಿತು. ಜೊತೆಗೆ ಬಂದಿದ್ದ ಕಾಕಾ ಗಾಬರಿಯಾಗಿ ಫೋಟೊಗ್ರಾಫರ್ ಕಾಶಿಬಾಯಿಗೆ ಹೇಳಿದ: "ಬಾಯಾರ, ಕಂಪ್ಯೂಟರಿನ್ಯಾಗ ಇದನ್ನ ಹಸಿರು ಮಾಡಿಬಿಡ್ರಿ."

"ಅಕ್ಕಾರ, ಕೆಂಪ್ಯಾಕ ಬರ್ತದ?" ನೀಲವ್ವ ಕಾಶಿಬಾಯಿಯನ್ನು ಕೇಳಿದಳು.

"ಸೂರ್ಯನಿಂದ ಬರೋ ಕಣ ಗಾಳಿಗೆ ಬಡೀತಾವ. ಹಸಿರೂ ಆಮ್ಲಜನಕದ್ದ, ಕೆಂಪೂ ಅದರದ್ದ. ಕೆಂಪು ಭಾಳ ಎತ್ತರದಾಗ ಹೊಳೀತದ, ಅಷ್ಟ."

"ನಾ ಕೆಂಪು ಸಂಜಿಗೆ ಹುಟ್ಟೀನಂತ ಮೂರು ಮನ್ಯಾವ್ರು ಬ್ಯಾಡಂದ್ರು. ಉಸಿರಾಡೋ ಗಾಳಿಗೇ ಅಂಜಾವ್ರ ಮನಿ ನನಗೂ ಬ್ಯಾಡ. ಹಿಂಗ ತಗೀರಿ."

ಕಾಕಾ ಲೆನ್ಸಿಗೆ ಅಂಗೈ ಅಡ್ಡ ಹಿಡಿದ. ನೀಲವ್ವ ಬಂದು ಆ ಕೈಯನ್ನು ಸರಿಸಿ, ತಿರುಗಿ ಹೋಗಿ ತಲೆಯೆತ್ತಿ ನಿಂತಳು.

"ಹತ್ತು ಸೆಕೆಂಡು ಅಲುಗಾಡಬ್ಯಾಡವಾ" ಎಂದು ಕಾಶಿಬಾಯಿ ಗುಂಡಿ ಒತ್ತಿದಳು.

ಕಾಕಾ ಬೈಯುತ್ತಲೇ ಇದ್ದ. ನೀಲವ್ವ ರೆಪ್ಪೆಯನ್ನೂ ಮಿಟುಕಿಸಲಿಲ್ಲ.