ಯಾಸಿನ್‌ಳ ಸರದಿ

ಸವತಿ ಯಾಸಿನ್ ಮೀಯುತ್ತಿದ್ದ ಬಚ್ಚಲಲ್ಲಿ ನೀರಿನ ಸದ್ದು ನಿಂತಿತು. ಸೇನಬುವಿನ ಬೆರಳುಗಳು ಇನ್ನೂ ಕೀಬೋರ್ಡಿನ ಮೇಲಿದ್ದವು. ಅವಸರದಲ್ಲಿ, ಕಂಪ್ಯೂಟರಿಗೆ ಆಜ್ಞೆ ಕೊಡುವ ಕಪ್ಪು ಪರದೆಯಲ್ಲಿ ಒಂದು ಸಾಲು ಬರೆದಳು. ಯಾಸಿನ್ ದಿನವೂ ಬಳಸುವ ಫೈಲಿನ ಹೆಸರಲ್ಲಿ ಒಂದಕ್ಷರ ಬದಲಾಯಿತು. ಬರೆದ ಸಾಲನ್ನು ಎಂದಿನಂತೆ ಅಳಿಸಿಹಾಕಲು ಇವತ್ತು ಹೊತ್ತು ಸಿಗಲಿಲ್ಲ. ಅಂಗಳಕ್ಕೆ ಬಂದು, ಏನೂ ಆಗದವಳಂತೆ ಒಣಗಿದ ಬಟ್ಟೆ ಮಡಚತೊಡಗಿದಳು.

ಇವತ್ತಿನಿಂದ ಎರಡು ರಾತ್ರಿ ಯಾಸಿನ್‌ಳ ಸರದಿ. ಗಂಡ ಬಿರಾನ್ ಅವಳ ಕೈಯಡುಗೆ ಉಂಡು ಅವಳ ಕೋಣೆಯಲ್ಲೇ ಮಲಗುವವನು. ಗೋಡೆಯಾಚೆ ಅವರಿಬ್ಬರ ನಗು ಕೇಳಿದರೆ ಸೇನಬುವಿಗೆ ಎದೆಯೊಳಗೆ ಮೆಣಸಿನಕಾಯಿ ಅರೆದಂತಾಗುತ್ತಿತ್ತು. ತನ್ನ ಸರದಿಯಲ್ಲೋ, ಬಿರಾನ್ ಉಂಡ ಕೂಡಲೇ ಗೊರಕೆ ಹೊಡೆಯುತ್ತಿದ್ದ. ಅವಳು ಮಾತ್ರ ಆಚೆ ಕೋಣೆಯ ದೀಪ ಆರುವವರೆಗೂ ಕಣ್ಣು ಮುಚ್ಚುತ್ತಿರಲಿಲ್ಲ.

ಕಂಪ್ಯೂಟರ್ ಕೆಟ್ಟ ದಿನ ಆ ಸಂಕಟವಿರುತ್ತಿರಲಿಲ್ಲ. ಯಾಸಿನ್ ಮನೆಯಿಂದಲೇ ಓದುತ್ತಿದ್ದಳು. ಬರೆದದ್ದನ್ನು ಮರುದಿನವೇ ಕಳಿಸಬೇಕು. ಮದುವೆಗೆ ಮುಂಚೆ ಕಾಲೇಜಿನ ಕಂಪ್ಯೂಟರ್ ಕೋಣೆ ನೋಡಿಕೊಳ್ಳುತ್ತಿದ್ದ ಸೇನಬುವನ್ನೇ ಕರೆಯಬೇಕು. ಸೇನಬು ಹೋಗಿ, ಕ್ಷಣದಲ್ಲಿ ಮುಗಿಯುವ ಕೆಲಸವನ್ನು ಮೂರು ಸುತ್ತು ಚಹಾ ತೀರುವವರೆಗೂ ಎಳೆಯುವಳು. ಬಿರಾನ್ ಕಾದು ಕಾದು ಟಿವಿ ಮುಂದೆಯೇ ನಿದ್ದೆಹೋಗುವನು.

ಎದುರುಮನೆಯ ಸೋಖ್ನಾ ಮೊನ್ನೆ ಛೇಡಿಸಿದ್ದಳು. "ಅವಳ ಸರದಿ ಬಂದ್ರೆ ಸಾಕು, ಕಂಪ್ಯೂಟರ್‌ಗೆ ಜ್ವರ ಬರುತ್ತೆ. ಗಂಡನ್ನ ಹಿಡ್ಕೊಳ್ಳೋದು ನಿನ್ನಿಂದ ಕಲೀಬೇಕು ಕಣೇ."

ಸೇನಬು ನಕ್ಕಿದ್ದಳು.

"ಅಕ್ಕಾ, ಮತ್ತೆ ಅದೇ ಗೋಳು. ಫೈಲೇ ಇಲ್ಲ ಅಂತಿದೆ," ಒಳಗಿನಿಂದ ಯಾಸಿನ್ ಕರೆದಳು.

ಸೇನಬು ಚಹಾದ ಕೆಟಲ್ ಹಿಡಿದೇ ಹೋದಳು. ಅವಳ ಸ್ಟೂಲು ಆಗಲೇ ಕಂಪ್ಯೂಟರ್ ಮುಂದೆ ಬಂದಿತ್ತು. ಅವಳು ಲೋಟಗಳಿಗೆ ಚಹಾ ಬಗ್ಗಿಸುತ್ತಿದ್ದಂತೆ, ಯಾಸಿನ್ ಮೇಲ್ಮುಖದ ಬಾಣದ ಗುಂಡಿ ಒತ್ತತೊಡಗಿದಳು. ಹಿಂದೆ ಬರೆದ ಸಾಲುಗಳು ಒಂದೊಂದಾಗಿ ವಾಪಸು ಬರುತ್ತವೆಂದು ಕಲಿಸಿದವಳು ಅಕ್ಕನೇ. ತನ್ನದು ಬಂತು. ಮತ್ತೂ ತನ್ನದೇ. ಆಮೇಲೆ ತಾನು ಬರೆಯದ ಸಾಲೊಂದು ಬಂತು.

ಯಾಸಿನ್ ಅದನ್ನು ನಿಧಾನವಾಗಿ ಓದಿದಳು. ಫೈಲಿಗೆ ಹಳೆಯ ಹೆಸರು ಕೊಟ್ಟಳು. ಎಲ್ಲ ಸರಿಯಾಯಿತು. ಲೋಟ ಮುಟ್ಟಲಿಲ್ಲ.

"ಇಷ್ಟು ದಿನಾನೂ ನೀನೇನಾ?"

ಸೇನಬು ಹೌದೆಂದು ತಲೆಯಾಡಿಸಿದಳು.

"ಅವರು ಅಷ್ಟು ಬೇಕಿದ್ರೆ ಬಾಯ್ಬಿಟ್ಟು ಕೇಳ್ಬಹುದಿತ್ತಲ್ಲ ಅಕ್ಕಾ. ತಗೋ, ಇವತ್ತಿಂದ ನನ್ನ ಸರದೀನೂ ನಿಂಗೇ. ಅವರಿಗೆ ನಾನೇ ಹೇಳ್ತೀನಿ. ಇನ್ಮೇಲೆ ನೀನು ಈ ಕೋಣೆಗೆ ಬರೋ ಕಷ್ಟ ಪಡ್ಬೇಡ."

ರುಫಿಸ್ಕ್ ಊರಿನಲ್ಲಿ ಯಾವ ಹಿರಿಯ ಹೆಂಡತಿಗೂ ಸಿಗದ ಗೆಲುವು. ಸೇನಬು ಕೆಟಲನ್ನು ಚಾಪೆಯ ಮೇಲಿಟ್ಟಳು.

"ಹಾಗಾದ್ರೆ," ಎಂದಳು, "ನಾನು ನಿನ್ನ ಪಕ್ಕ ಕೂರೋದು ಯಾವಾಗ ಯಾಸಿನ್?"