ಗುಲ್ಮಿಮಾ ದಾಟಿದ ಮೇಲಿನ ಗಾಳಿ

ಗುಲ್ಮಿಮಾ ಊರು ದಾಟಿದ್ದೇ ತಡ, ಮೂಡಣದ ಶೆರ್ಗಿ ಗಾಳಿ ಯೂಬಾನ ಎದೆಗೆ ಕೈಯೊಡ್ಡಿ ನಿಲ್ಲಿಸಿತು. ಅಂತಿಂಥ ಗಾಳಿಯಲ್ಲ, ಒಂಟೆಯ ರೆಪ್ಪೆಗೂದಲು ಕಿತ್ತುಕೊಂಡು ಹೋಗಿ ಪಕ್ಕದ ದೇಶದ ಸಂತೆಯಲ್ಲಿ ಮಾರುವಂಥದ್ದು. ಯೂಬಾ ತುಳಿದಷ್ಟೂ ಸೈಕಲ್ಲು ಹಿಂದೆ ಹಿಂದೆ. ಆಗಲೇ ದಾಟಿ ಬಂದಿದ್ದ ಮೈಲಿಗಲ್ಲೊಂದು ಮತ್ತೆ ಪಕ್ಕಕ್ಕೆ ಬಂದು ಸಲಾಂ ಹೇಳಿತು.

ಹಾಗಂತ ಇವನೇನು ಸಾಮಾನ್ಯನಲ್ಲ. ಅಟ್ಲಾಸ್ ಬೆಟ್ಟದಿಂದ ದಪ್ಪ ಟೈರಿನ ಸೈಕಲ್ಲಿನಲ್ಲಿ ಇವನು ಇಳಿಯುವುದನ್ನು ನೋಡಲಾರದೆ ಮೇಕೆಗಳೇ ಕಣ್ಣು ಮುಚ್ಚಿಕೊಳ್ಳುತ್ತಿದ್ದವು. ಆದರೆ ರಶೀದಿಯಾಕ್ಕೆ ಮದುವೆಯಾಗಿ ಹೋದ ಅಕ್ಕ ಇಜ್ಜಾ ಒಂದು ದಿನ ಫೋನಿನಲ್ಲಿ, "ಬೆಟ್ಟದಿಂದ ಉರುಳೋದು ಕಲ್ಲಿಗೂ ಬರತ್ತೆ ಕಣೋ. ತಾಕತ್ತಿದ್ರೆ ವರ್ಜಾಜಾತ್‌ನಿಂದ ನಮ್ಮನೇವರೆಗೂ ತುಳ್ಕೊಂಡು ಬಾ. ಮುನ್ನೂರು ಕಿಲೋಮೀಟರು, ಒಂದೇ ದಿನ" ಎಂದುಬಿಟ್ಟಳು. ಯೂಬಾ ಮೀಸೆ ತಿರುವಿದ. ಆ ಮೀಸೆಯ ಒಂದು ತುದಿಯಲ್ಲಿ ಬೆಳಗಾದರೆ ಇನ್ನೊಂದು ತುದಿಯಲ್ಲಿ ಇನ್ನೂ ಕೋಳಿ ಕೂಗಿರುವುದಿಲ್ಲ. "ಹೊತ್ತು ಮುಳುಗೋದ್ರೊಳಗೆ ನಿನ್ನ ಬಾಗಿಲಲ್ಲಿ ಇರ್ತೀನಿ. ಇಲ್ದಿದ್ರೆ ನಿನ್ನ ಕೈಯಾರೆ ನನ್ನ ಮೀಸೆ ಬೋಳಿಸು!"

ಹೀಗೆ ಬೆಟ್ಟದ ಸೈಕಲ್ಲನ್ನು ಕೊಟ್ಟಿಗೆಗೆ ಸೇರಿಸಿ, ಬೆರಳು ದಪ್ಪದ ಟೈರಿನ, ಟಗರುಕೊಂಬಿನ ಹ್ಯಾಂಡಲ್ಲಿನ ರಸ್ತೆ ಸೈಕಲ್ಲು ಹತ್ತಿ, ವರ್ಜಾಜಾತ್‌ನ ಸವಾರರ ಗುಂಪಿನ ಜತೆ ನಸುಕಿನಲ್ಲೇ ಹೊರಟಿದ್ದ. ಅವರೆಲ್ಲ ಒಬ್ಬರ ಚಕ್ರಕ್ಕೊಬ್ಬರು ಮೂಗು ತಾಗಿಸಿಕೊಂಡು ಇರುವೆ ಸಾಲಿನಂತೆ ಹೋಗುತ್ತಿದ್ದರೆ, ಯೂಬಾ ಮಾತ್ರ ನಡುವೆ ಒಂದು ಕುರಿಮಂದೆ ನುಗ್ಗುವಷ್ಟು ಜಾಗ ಬಿಟ್ಟು ಒಬ್ಬನೇ ಬರುತ್ತಿದ್ದ. ಬೆಟ್ಟದವರ ನೇಮವೇ ಅದು: ಮುಂದಿನವನ ಹತ್ತಿರ ಹೋದರೆ ಹಲ್ಲಿಗೆ ಕಲ್ಲು, ಬಾಯಿಗೆ ಧೂಳು. ಈಗ ಗಾಳಿ ಎದ್ದಿತು. ಸಾಲು ಮುಂದೆ ಮುಂದೆ ಸರಿದು ಕಣ್ಮರೆಯಾಯಿತು. ಯೂಬಾ ಹಿಂದೆ ಉಳಿದ.

ಆ ಸಾಲಿನಿಂದ ಒಂದೇ ಒಂದು ಸೈಕಲ್ಲು ಕಳಚಿಕೊಂಡು ಹಿಂದಕ್ಕೆ ಬಂತು. ಲಲ್ಲಾ ರಭಾ! ಊರೆಲ್ಲ ಮರ್ಯಾದೆಯಿಂದ ಲಲ್ಲಾ, ಅಂದರೆ ಅಮ್ಮಾವ್ರು, ಎಂದೇ ಕರೆಯುವ, ಅರವತ್ತು ದಾಟಿದ ನರ್ಸಮ್ಮ. ವರ್ಜಾಜಾತ್‌ನಲ್ಲಿ ಆಕೆಯ ಸೂಜಿ ಚುಚ್ಚಿಸಿಕೊಳ್ಳದ ಕುಂಡೆಯೇ ಇಲ್ಲ.

"ಏನಪ್ಪಾ ಬೆಟ್ಟದ ಸಿಂಹ, ಒಬ್ಬನೇ ಯಾಕೆ ಸಾಯ್ತಿದ್ದೀಯ?"

"ನಾನು ಯಾರ ಧೂಳೂ ತಿನ್ನೋನಲ್ಲ, ಲಲ್ಲಾ."

"ಡಾಂಬರು ರಸ್ತೇಲಿ ಎಲ್ಲಿಂದ ಬರತ್ತೋ ಧೂಳು, ಕತ್ತೆ! ನನ್ನ ಹಿಂದಿನ ಚಕ್ರಕ್ಕೆ ಅಂಟ್ಕೋ. ಗೇಣು ದೂರ, ಅಷ್ಟೇ. ಬ್ರೇಕ್ ಮುಟ್ಟಿದ್ಯೋ, ಸೂಜಿ ತೆಗೀತೀನಿ."

ಯೂಬಾ ಜೀವ ಬಿಗಿಹಿಡಿದು ಅಂಟಿಕೊಂಡ. ಗಾಳಿ ನಿಂತಿತು. ಯಾರೋ ಕದ ಹಾಕಿದ ಹಾಗೆ, ದಢಾರನೆ. ಎಡಕ್ಕೂ ಬಲಕ್ಕೂ ಮರಳು ಹಾರುತ್ತಿದೆ, ಮುಳ್ಳುಗಿಡಗಳು ಬೇರು ಸಮೇತ ಊರು ಬಿಡುತ್ತಿವೆ. ಅವನಿರುವಲ್ಲಿ ಮಾತ್ರ ಹಣತೆ ಹಚ್ಚಿಟ್ಟರೂ ಆರದು. ಕಣ್ಣೆದುರಿಗೆ ಒಂದು ಮೊಳ ಅಗಲವೂ ಇಲ್ಲದ ಮುದುಕಿಯ ಬೆನ್ನು, ಅಂಗಿಯ ಮೇಲೆ ಬೆವರಾರಿದ ಉಪ್ಪಿನ ಬಿಳಿ ಗೆರೆಗಳು. ಸಹಾರಾದ ಗಾಳಿಯೆಲ್ಲ ಬಂದು ಆ ಬೆನ್ನಿನ ಆಚೆ ಬದಿಗೆ ತಲೆ ಚಚ್ಚಿಕೊಳ್ಳುತ್ತಿತ್ತು. ಹುಟ್ಟಿದಾಗಿನಿಂದ ಬಾಯಿ ಮುಚ್ಚದ ಯೂಬಾ ಬಾಯಿ ಮುಚ್ಚಿದ.

ಬಹಳ ದೂರ ಹೋದ ಮೇಲೆ ಕೇಳಿದ: "ನಾನೊಂದಿಷ್ಟು ಮುಂದೆ ಬರ್ಲಾ, ಲಲ್ಲಾ?"

"ಸುಮ್ನೆ ಕೂತಿರು. ಕಾಲು ಸುಧಾರಿಸ್ಲಿ."

ಕೊನೆಗೆ ರಶೀದಿಯಾದ ಖರ್ಜೂರದ ತೋಪು ಹಸಿರು ಗೆರೆಯಾಗಿ ಕಂಡಾಗ ಆಕೆ ಇನ್ನು ನೀನು ಮುಂದೆ ಹೋಗು ಎನ್ನುವಂತೆ ಮೊಣಕೈ ಆಡಿಸಿ ಪಕ್ಕಕ್ಕೆ ಸರಿದಳು. ಯೂಬಾ ಮುಂದೆ ನುಗ್ಗಿದ. ಕಾಲಿಗೆ ಅಟ್ಲಾಸೇ ಬಂದು ಸೇರಿಕೊಂಡಂತಿತ್ತು. ಗೆದ್ದೆ ಎಂದುಕೊಂಡು ಹಿಂದೆ ತಿರುಗಿ ನೋಡಿದ. ಸೂರ್ಯ ಇನ್ನೂ ಗೇಣೆತ್ತರದಲ್ಲಿದ್ದ. ಸೂರ್ಯನ ಕೆಳಗೆ, ಎಷ್ಟೋ ದೂರದಲ್ಲಿ, ಲಲ್ಲಾ ರಭಾಳನ್ನು ಗಾಳಿ ಹಿಡಿದು ಅಲುಗಿಸುತ್ತಿತ್ತು. ಇವನಿಗಾಗಿ ಗಾಳಿಗೆ ಅಡ್ಡ ನಿಂತು ನಿಂತು ಆಕೆಯ ಕಾಲುಗಳ ಕಸುವು ಬತ್ತಿತ್ತು.

ಪಂದ್ಯದ ಸುದ್ದಿಯನ್ನು ಯೂಬಾ ದಾರಿಯುದ್ದಕ್ಕೂ ಕತ್ತೆಗಳಿಗೂ ಹೇಳಿಕೊಂಡು ಬಂದಿದ್ದ. ಆಕೆಗೆ ಗೊತ್ತಿರದೆ ಇರುತ್ತದೆಯೇ? "ಓಡೋ! ಮೀಸೆ ಉಳಿಸ್ಕೋ!" ಎಂದು ನಗುತ್ತಾ ಕೂಗಿದಳು. ಗಾಳಿ ಆ ನಗುವನ್ನು ಅರ್ಧ ದಾರಿಯಲ್ಲೇ ಹರಿದುಹಾಕಿತು.

ಯೂಬಾ ತೋಪನ್ನು ನೋಡಿದ. ಸೂರ್ಯನನ್ನು ನೋಡಿದ. ಆಮೇಲೆ ತುಳಿಯುವುದನ್ನು ನಿಲ್ಲಿಸಿದ.

ಆಕೆಯ ಚಕ್ರದ ಗುಂಯ್ ಎನ್ನುವ ಸದ್ದು ಬೆನ್ನ ಹಿಂದೆ ಗೇಣು ದೂರಕ್ಕೆ ಬಂದು ಸೇರಿದ ಮೇಲೆಯೇ ಮತ್ತೆ ತುಳಿದ, ಮೆಲ್ಲಗೆ, ಆಮೆಗಳು ನಿಂತು "ಏನಾದ್ರೂ ಬೇಕಾ?" ಎಂದು ವಿಚಾರಿಸುವಷ್ಟು ಮೆಲ್ಲಗೆ. ಸೂರ್ಯ ಯಾರಿಗೂ ಕಾಯಲಿಲ್ಲ.

ಇಜ್ಜಾ ಬಾಗಿಲಲ್ಲಿ ಖರ್ಜೂರ, ಹಾಲು, ಕ್ಷೌರದ ಕತ್ತಿ ಮೂರನ್ನೂ ಒಂದೇ ತಟ್ಟೆಯಲ್ಲಿಟ್ಟುಕೊಂಡು ಕಾಯುತ್ತಿದ್ದಳು. ತಮ್ಮ ಸ್ಟೂಲಿನ ಮೇಲೆ ಕೂತು ಮುಖ ಒಡ್ಡಿದ. ಗಾಳಿಯ ನೆವ ಹೇಳಲಿಲ್ಲ, ಗಡಿಯಾರದ ಮೇಲೆ ತಪ್ಪು ಹೊರಿಸಲಿಲ್ಲ. ಎಡಗಡೆಯದು ಹೋಯಿತು, ಬಲಗಡೆಯದೂ ಹೋಯಿತು. ಅವಳಿಗೇ ಗಾಬರಿಯಾಯಿತು.

"ಏನೋ, ಜ್ವರ ಬಂದಿದ್ಯಾ? ಒಂದು ಕಲ್ಲು ನೋಡಿದ್ರೆ ಮೂರು ದಿನ ಕೊಚ್ಕೊಳ್ಳೋನು ನೀನು. ಇಷ್ಟು ದೂರ ಬಂದಿದ್ದೀಯ, ದಾರೀಲಿ ಏನೂ ನೋಡ್ಲಿಲ್ವಾ?"

ಅಂಗಳದ ಗೋಡೆಗೆ ಒರಗಿ, ಹಾಲಿನ ಲೋಟ ಕೈಯಲ್ಲಿದ್ದಂತೆಯೇ, ಲಲ್ಲಾ ರಭಾ ನಿದ್ದೆಹೋಗಿದ್ದಳು. ಯೂಬಾ ಅತ್ತ ನೋಡಿ ದನಿ ತಗ್ಗಿಸಿದ.

"ಒಂದು ಬೆನ್ನು ನೋಡ್ದೆ, ಅಕ್ಕಾ."